ಐರಾಣಿ ಹೊತ್ತ ಕಾಲು

ಔರಾದ ಸೀಮೆಯ ಮದುವೆಗಳಲ್ಲಿ ಮದುಮಗನಿಗಿಂತ ಮೊದಲು ಮನೆಗೆ ಬರುವುದು ಗಡಿಗೆ. ಕುಂಬಾರನು ಸುಣ್ಣದ ಬೊಟ್ಟು ಇಟ್ಟು, ಕೆಮ್ಮಣ್ಣಿನ ಬರೆ ಎಳೆದು ಸಿಂಗರಿಸಿದ ಈ ಮಣ್ಣಿನ ಗಡಿಗೆಗಳಿಗೆ ಐರಾಣಿ ಎನ್ನುತ್ತಾರೆ. ಮದುವೆಯ ಹಿಂದಿನ ದಿನ ಮುತ್ತೈದೆಯರು ವಾದ್ಯದೊಡನೆ ಕುಂಬಾರನ ಮನೆಗೆ ಹೋಗಿ, ಮಣ್ಣು ತಿರುಗಿಸುವ ಅವನ ತಿಗರಿಗೆ ಪೂಜೆ ಮಾಡಿ, ಗಡಿಗೆಗಳನ್ನು ತಲೆಯ ಮೇಲೆ ಹೊತ್ತು ತಂದು ಮನೆದೇವರ ಮುಂದೆ ಇಳಿಸಬೇಕು. ಕಾಲಲ್ಲಿ ಚಪ್ಪಲಿ ಇರಬಾರದು. ನಡುದಾರಿಯಲ್ಲಿ ಗಡಿಗೆ ಇಳಿಸಬಾರದು. ವೈಜಿನಾಥನ ಮನೆತನದಲ್ಲೂ ಅವನ ಹೆಂಡತಿಯ ತವರಿನಲ್ಲೂ ಮೊದಲ ಗಡಿಗೆ ಯಾವಾಗಲೂ ಮದುಮಗಳ ತಾಯಿಯದು.

ವೈಜಿನಾಥನ ಮಗಳು ಸುಜಾತಾಳಿಗೆ ಭಾಲ್ಕಿಯ ಗಂಡು ಗೊತ್ತಾಯಿತು. ಹುಡುಗನ ಹೆಸರು ನಂದಕುಮಾರ. ಮೋಟಾರು ಪಂಪು ರಿಪೇರಿಯ ಅಂಗಡಿ ಇಟ್ಟುಕೊಂಡವನು, ಹಿರಿಯರನ್ನು ಕಂಡರೆ ತಲೆ ತಗ್ಗಿಸುವವನು. ಸಕ್ಕರೆ ಹಂಚಿದರು, ಎಲ್ಲರ ಬಾಯಿಯೂ ಸಿಹಿಯಾಯಿತು. ಅಷ್ಟರಲ್ಲಿ ಯಾರೋ ಹಿರಿಯಳು, "ಐರಾಣಿ ಯಾರು ಹೊರ್ತಾರ ಮತ್ತ?" ಎಂದು ಕೇಳಿಬಿಟ್ಟಳು. ಹುಡುಗಿಯ ತಾಯಿ ಕಾಂತಾಬಾಯಿಯ ಬಾಯೊಳಗಿನ ಸಕ್ಕರೆ ಅಲ್ಲಿಯೇ ನಿಂತಿತು.

ಎರಡು ಮಳೆಗಾಲದ ಹಿಂದೆ ಕುರಿ ಹಟ್ಟಿಯಲ್ಲಿ ಹಾವು ಅವಳ ಬಲಗಾಲನ್ನು ಕಚ್ಚಿತ್ತು. ವಿಷ ಇಳಿಯಿತು, ಜೀವ ಉಳಿಯಿತು. ಆದರೆ ಪಾದ ಕೊಳೆತು, ಮೊಣಕಾಲಿನ ಕೆಳಗೆ ಕತ್ತರಿಸಬೇಕಾಯಿತು. ಅಂದಿನಿಂದ ಕಂಕುಳ ಕೋಲೇ ಅವಳ ಕಾಲು. ಎರಡೂ ಕೈ ಕೋಲಿಗೆ ಹೋದ ಮೇಲೆ ತಲೆಯ ಮೇಲಿನ ಗಡಿಗೆ ಹಿಡಿಯುವವರು ಯಾರು?

"ನಾ ಹೊರ್ತೇನಿ ವೈನಿ, ನೀ ಫಿಕರ್ ಮಾಡಬ್ಯಾಡ," ಎಂದಳು ನಾದಿನಿ ಮನಿಷಾ. ಮಾತಿನಲ್ಲಿ ಚುರುಕು, ಮನಸ್ಸಿನಲ್ಲಿ ಬೆಣ್ಣೆ. "ನೀ ಖುರ್ಚಿ ಮ್ಯಾಲ ಮಹಾರಾಣಿ ಹಂಗ ಕುಂತು ನೋಡು. ಅಷ್ಟಕ್ಕೂ ನನ್ನ ತಲಿ ನಿನ್ನ ತಲಿಕಿಂತ ಸಪಾಟ ಅದ."

ಎಲ್ಲರೂ ನಕ್ಕರು. ಕಾಂತಾಬಾಯಿಯೂ ನಕ್ಕಳು. ಆದರೆ ಅವಳಿಗೆ ತನ್ನ ಮದುವೆ ನೆನಪಾಗಿತ್ತು. ಆ ವರ್ಷವೇ ಅವಳ ತಾಯಿ ತೀರಿಕೊಂಡಿದ್ದಳು. ಮೊದಲ ಗಡಿಗೆ ಸೋದರತ್ತೆಯ ತಲೆಯ ಮೇಲೆ ಬಂತು. ಸೋದರತ್ತೆ ಒಳ್ಳೆಯವಳು, ಗಡಿಗೆಯೂ ಚೆಲುವಾಗಿತ್ತು. ಆದರೆ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಮದುಮಗಳ ಕಣ್ಣಿಗೆ ಆ ಗಡಿಗೆಯ ಕೆಳಗೆ ಇರಬೇಕಾದ ಮುಖ ಇರಲಿಲ್ಲ. ಹೋದವರ ಜಾಗ ತುಂಬುವುದಿಲ್ಲ. ಅದನ್ನು ಸುತ್ತಿ ನಡೆಯುವುದನ್ನು ಮಾತ್ರ ಮನುಷ್ಯ ಕಲಿಯುತ್ತಾನೆ. ತನ್ನ ಹೊಟ್ಟೆಯಲ್ಲಿ ಹೆಣ್ಣು ಹುಟ್ಟಿದ ದಿನವೇ ಕಾಂತಾಬಾಯಿ ಮನೆದೇವರು ಮೈಲಾರ ಮಲ್ಲಣ್ಣನಿಗೆ ಕೈಮುಗಿದು ಬೇಡಿಕೊಂಡಿದ್ದಳು: "ಇವಳ ಐರಾಣಿ ಹೊರುವತನಕ ನನ್ನನ್ನು ಇಡಪ್ಪಾ." ದೇವರು ಅವಳನ್ನು ಇಟ್ಟಿದ್ದ. ಕಾಲನ್ನು ಮಾತ್ರ ಇಟ್ಟಿರಲಿಲ್ಲ.

ಮರುದಿನ ಅವಳು ಗಂಡನಿಗೆ ಹೇಳಿದಳು: "ಬೀದರದಾಗ ಕಾಲು ಮಾಡಿಕೊಡ್ತಾರಂತರಿ. ನನಗ ಕರ್ಕೊಂಡು ಹೋಗ್ರಿ."

"ಈಗ್ಯಾಕ?" ಎಂದ ವೈಜಿನಾಥ. "ಎರಡು ವರ್ಷ ನಾ ಬಡ್ಕೊಂಡಾಗ ಒಲ್ಲೆ ಅಂದಿ."

"ಆಗ ಎಲ್ಲಿಗಿ ಹೋಗೋದಿತ್ತು? ಈಗ ಕುಂಬಾರರ ಮನಿಗಿ ಹೋಗೋದದ."

ಬೀದರಿಗೆ ಹೋಗುವುದೆಂದರೆ ಸುಮ್ಮನೆಯೇ? ಕಾಂತಾಬಾಯಿ ಹಬ್ಬದ ಸೀರೆ ಉಟ್ಟಳು. ವೈಜಿನಾಥ ರುಮಾಲು ಬಿಗಿದ, ಪೇಟೆಗೆಂದು ಚಪ್ಪಲಿಯನ್ನೂ ಮೆಟ್ಟಿದ. ಸುಜಾತಾ ತನ್ನ ಮದುವೆಗೆಂದು ತಂದಿದ್ದ ಎತ್ತರ ಹಿಮ್ಮಡದ ಹೊಸ ಚಪ್ಪಲಿಯನ್ನು ತಾಯಿಗೆ ಕೊಟ್ಟಳು. ಎಡಗಾಲಿನದನ್ನು ಕಾಂತಾಬಾಯಿ ಮೆಟ್ಟಿಕೊಂಡಳು, ಬಲಗಾಲಿನದನ್ನು ಸುಜಾತಾ ಕೈಚೀಲದಲ್ಲಿ ಹಾಕಿಕೊಂಡಳು. ಬಸ್ಸು ಜನವಾಡ ದಾಟುವಾಗ ಪಕ್ಕದ ಸೀಟಿನ ಹೆಂಗಸು ಕೇಳಿದಳು, "ಒಂದೇ ಚಪ್ಪಲಿ ಹಾಕೀರಲ್ರಿ, ಇನ್ನೊಂದು?"

"ಅದರ ಕಾಲು ತರ್ಲಿಕ್ಕಿ ಹೊಂಟೇವ್ರಿ," ಎಂದಳು ಕಾಂತಾಬಾಯಿ.

ಕಾಲು ಮಾಡುವ ಕಾರಖಾನೆ ಬೀದರಿನ ಚಿದ್ರಿಯ ಕಡೆ ಒಂದು ಚಿಕ್ಕ ಮನೆಯಲ್ಲಿತ್ತು. ಗೋಡೆಗೆ ಸಾಲಾಗಿ ಕಾಲುಗಳು ಒರಗಿದ್ದವು. ಅವುಗಳ ನಡುವೆ ಬಿಳಿ ಕೋಟು ತೊಟ್ಟು, ತಲೆಗೆ ಓಢಣಿ ಬಿಗಿದುಕೊಂಡು ಹಮೀದುನ್ನಿಸಾ ಎಂಬ ಹೆಂಗಸು ಕೆಲಸ ಮಾಡುತ್ತಿದ್ದಳು. ಕಾಲು ಅಳೆಯುವವಳೂ ಅವಳೇ, ಕೂಡಿಸುವವಳೂ ಅವಳೇ, ನಡೆಯಲು ಕಲಿಸುವವಳೂ ಅವಳೇ. ಉಳಿದ ಮೊಣಕಾಲಿಗೆ ಒದ್ದೆ ಪಟ್ಟಿ ಸುತ್ತಿ ಅಚ್ಚು ತೆಗೆದಳು. ಕೆಲವು ದಿನ ಬಿಟ್ಟು ಮತ್ತೆ ಕರೆದಾಗ ಕಾಲು ಸಿದ್ಧವಾಗಿತ್ತು: ಮೇಲೆ ಮೊಣಕಾಲು ಕೂರುವ ಬಟ್ಟಲು, ನಡುವೆ ಲೋಹದ ಕೊಳವೆ, ಕೆಳಗೆ ಗೋಧಿಬಣ್ಣದ ರಬ್ಬರಿನ ಪಾದ. ಪಾದಕ್ಕೆ ಐದು ಬೆರಳೂ ಇದ್ದವು. ಕಾಂತಾಬಾಯಿ ಅವನ್ನು ಕೂಸಿನ ಬೆರಳು ಮುಟ್ಟಿದಂತೆ ಮುಟ್ಟಿ ನೋಡಿದಳು.

ಹಮೀದುನ್ನಿಸಾ ಕೈಯಲ್ಲಿ ಪಾನಾ ಹಿಡಿದು, ತಿರುಪು ಬಿಗಿಯುತ್ತ ತಲೆ ಎತ್ತದೆ ಕೇಳಿದಳು: "ಮೌಶಿ, ಮನ್ಯಾಗ ದಿನಾ ಇದೇ ಚಪ್ಪಲಿ ಹಾಕ್ಕೋತೀರೇನ್ರಿ?"

ಕಾಂತಾಬಾಯಿ ಬಾಯಿ ತೆರೆಯುವ ಮೊದಲೇ ವೈಜಿನಾಥ ರುಮಾಲು ಸರಿಮಾಡಿಕೊಂಡ. ಕಾಯುತ್ತ ಕುಳಿತ ಪೇಟೆಯ ಜನ ಕೇಳುತ್ತಿದ್ದರು. ಹಳ್ಳಿಯವರು ಬರಿಗಾಲಿನವರು ಎಂದು ಇವರು ಅಂದುಕೊಳ್ಳಬಾರದು ಎಂಬುದು ಅವನ ಯೋಚನೆ.

"ಏನ್ ಕೇಳ್ತೀರಿ ಬಾಯಾರ! ನಮ್ಮ ಮನ್ಯಾಗ ಬರಿಗಾಲಲೆ ಯಾರೂ ಅಡ್ಡಾಡಂಗಿಲ್ಲ. ಒಲಿ ಮುಂದ ಸುದ್ದಾ ಚಪ್ಪಲಿ!"

ಒಲೆಯ ಮುಂದೆ ಚಪ್ಪಲಿ! ಕಾಂತಾಬಾಯಿ ಮನಸ್ಸಿನಲ್ಲೇ ಮನೆದೇವರಿಗೆ ಕೆನ್ನೆ ಬಡಿದುಕೊಂಡಳು. ಆದರೆ ನಾಲ್ಕು ಜನರ ಮುಂದೆ ಗಂಡನ ಮಾತು ತೆಗೆದುಹಾಕುವುದು ಹೇಗೆ? ಹಮೀದುನ್ನಿಸಾ ಕೈಚೀಲದಿಂದ ಬಲಗಾಲಿನ ಚಪ್ಪಲಿ ತೆಗೆಸಿ ರಬ್ಬರು ಪಾದಕ್ಕೆ ತೊಡಿಸಿದಳು. ಅದಕ್ಕೆ ಸರಿಯಾಗಿ ಕಾಲನ್ನು ನಿಲ್ಲಿಸಿ ತಿರುಪುಗಳನ್ನು ಬಿಗಿದಳು.

ನಡೆಯುವುದು ಸುಲಭವಾಗಲಿಲ್ಲ. ಎರಡು ಕಬ್ಬಿಣದ ಕಂಬಿಗಳ ನಡುವೆ ನಿಲ್ಲಿಸಿದರೆ ಕಾಂತಾಬಾಯಿ ಕಂಬಿಯನ್ನು ಬಿಡಲೊಲ್ಲಳು. ಮೈಯೆಲ್ಲ ಕೈಯ ಮೇಲೆ, ಕಣ್ಣೆಲ್ಲ ನೆಲದ ಮೇಲೆ.

"ಮೌಶಿ, ಕಂಬಿಗಿ ಲಗ್ನ ಆಗ್ತೀರೇನು? ಬಿಡ್ರಿ ಜರಾ!"

"ಬಿಟ್ರ ಬೀಳ್ತೇನ್ರಿ!"

"ನಾ ಹಿಡೀತೇನಿ. ಮುಂದ ನೋಡ್ರಿ, ನೆಲಾ ಎಲ್ಲೂ ಓಡಿ ಹೋಗಂಗಿಲ್ಲ."

ಬೇಸಿಗೆ ಏರುತ್ತಿತ್ತು, ಮದುವೆ ಹತ್ತಿರ ಬರುತ್ತಿತ್ತು. ವಾರಕ್ಕೊಮ್ಮೆ ಬಸ್ಸು ಹತ್ತಿ ಬಂದರೂ ನಡಿಗೆ ಹಿಡಿತಕ್ಕೆ ಸಿಗಲಿಲ್ಲ. ಒಂದು ದಿನ ಕಾಂತಾಬಾಯಿ ದಣಿದು ಕುಳಿತವಳು, ಮೂಲೆಯಲ್ಲಿದ್ದ ಕುಡಿಯುವ ನೀರಿನ ಕೊಡವನ್ನು ನೋಡಿದಳು. ಸ್ವಲ್ಪ ಹೊತ್ತು ನೋಡುತ್ತಲೇ ಇದ್ದಳು.

"ಬಾಯಾರ, ಆ ಕೊಡ ನನ್ನ ತಲಿ ಮ್ಯಾಲ ಇಡ್ತೀರೇನ್ರಿ?"

"ಯಾಕ್ರಿ? ಕಾಲು ಸೋತ್ರ ಕೊಡಾ ಯಾಕ?"

"ಇಟ್ಟು ನೋಡ್ರಿ."

ಸುಜಾತಾ ತಾಯಿಯ ಸೆರಗನ್ನೇ ಸುತ್ತಿ ಸಿಂಬಿ ಮಾಡಿ ತಲೆಯ ಮೇಲಿಟ್ಟಳು. ಅದರ ಮೇಲೆ ಅರ್ಧ ತುಂಬಿದ ಕೊಡ. ಹಮೀದುನ್ನಿಸಾ ಕಾಂತಾಬಾಯಿಯ ಸೊಂಟಕ್ಕೆ ಪಟ್ಟಿ ಕಟ್ಟಿ, ಅದನ್ನು ಹಿಂದಿನಿಂದ ಹಿಡಿದುಕೊಂಡು ನಿಂತಳು. ಕಾಂತಾಬಾಯಿ ಉಸಿರು ತೆಗೆದುಕೊಂಡಳು. ಬೆನ್ನು ತಾನಾಗಿಯೇ ನೆಟ್ಟಗಾಯಿತು. ಗದ್ದ ಎದ್ದಿತು. ಬಾವಿಯಿಂದ ಮನೆಗೆ, ಕೆರೆಯಿಂದ ಹಟ್ಟಿಗೆ, ಲಂಗ ಉಡುವ ವಯಸ್ಸಿನಿಂದ ಹೊತ್ತ ನೀರನ್ನೆಲ್ಲ ಮೈ ನೆನಪಿಟ್ಟುಕೊಂಡಿತ್ತು. ಕಂಬಿಯಿಂದ ಕೈ ಬಿಟ್ಟಳು. ಒಂದು ಹೆಜ್ಜೆ, ಇನ್ನೊಂದು. ಕೊಡದೊಳಗಿನ ನೀರು ಕುಲುಕಲಿಲ್ಲ. ಕಂಬಿಗಳ ತುದಿಗೆ ಬಂದವಳು ನಿಲ್ಲದೆ, ಬಾಗಿಲವರೆಗೂ ಹೋಗಿ, ತಿರುಗಿ ಬಂದಳು.

ಕಾಯುತ್ತ ಕುಳಿತವರು ಚಪ್ಪಾಳೆ ತಟ್ಟಿದರು. ಒಬ್ಬ ಮುದುಕ, ತನ್ನ ಕಾಲಿಗಾಗಿ ಕಾಯುತ್ತಿದ್ದವನು, "ನನಗೂ ಒಂದು ಕೊಡಾ ತರ್ರಿ!" ಎಂದು ಕೂಗಿದ.

"ನೀವು ಯಾವಾಗ ನೀರು ಹೊತ್ತೀರಿ ಚಾಚಾ?" ಎಂದಳು ಹಮೀದುನ್ನಿಸಾ ನಗುತ್ತ. "ನಿಮಗ ಚಹಾದ ಕಪ್ಪೇ ಭಾರ."

ಕಾಂತಾಬಾಯಿ ಹೊಸ ಕಾಲಿನಲ್ಲಿ ಊರಿಗೆ ಬಂದಿಳಿದ ದಿನ ಅಕ್ಕಪಕ್ಕದವರೆಲ್ಲ ಅಂಗಳದಲ್ಲಿ ನೆರೆದರು. ಸೀರೆಯ ಅಂಚು ಸ್ವಲ್ಪ ಎತ್ತಿ ತೋರಿಸಿ, ಅಂಗಳದಲ್ಲಿ ಎರಡು ಸುತ್ತು ಹಾಕಿದಳು. "ಕುಂಟಿಗಿ ಎಂಟು ಚ್ಯಾಷ್ಟಿ ಅಂತಾರಲ್ಲ, ಇದು ಒಂಬತ್ತನೇದು," ಎಂದು ತಾನೇ ಅಂದು ಎಲ್ಲರನ್ನೂ ನಗಿಸಿದಳು. ಕುರಿಗಳು ಮಾತ್ರ ಮೊದಲ ದಿನ ಹೊಸ ಕಾಲಿನ ಸಪ್ಪಳಕ್ಕೆ ಬೆದರಿ ದೂರ ಸರಿದವು; ಮೂಸಿ ನೋಡಿ ಆಮೇಲೆ ಒಪ್ಪಿಕೊಂಡವು. ಅಂಗಳ, ಹಟ್ಟಿ, ದಾರಿ, ಔರಾದ ಸಂತೆ, ಎಲ್ಲೆಲ್ಲಿಯೂ ಚಪ್ಪಲಿ ಮೆಟ್ಟಿ ಟಕ ಟಕ ನಡೆದಳು.

ಒಂದು ಸಂಗತಿ ಯಾರ ಗಮನಕ್ಕೂ ಬಂದಿರಲಿಲ್ಲ. ಹೊರಗೆ ಮೆಟ್ಟಿದ್ದು ಒಳಗೆ ಬರಬಾರದು ಎಂಬುದು ಆ ಮನೆಯ ರೀತಿ. ಆದ್ದರಿಂದ ಕಾಂತಾಬಾಯಿ ಹೊಸ್ತಿಲ ಹತ್ತಿರ ಕುಳಿತು, ಚಪ್ಪಲಿಯನ್ನೂ ಕಾಲನ್ನೂ ಒಟ್ಟಿಗೇ ಬಿಚ್ಚಿ, ಚಪ್ಪಲಿಗಳ ಸಾಲಿನಲ್ಲಿ ಕಾಲನ್ನು ನಿಲ್ಲಿಸಿ, ಕೋಲು ಹಿಡಿದು ಒಳಗೆ ಹೋಗುತ್ತಿದ್ದಳು. ಮೆಟ್ಟುವ ವಸ್ತು ಎಂದ ಮೇಲೆ ಅದಕ್ಕೂ ಅದೇ ಕಟ್ಟಳೆ ಎಂದು ಅವಳ ತಿಳುವಳಿಕೆ. ಮನೆಯವರಿಗೂ ಅದು ಸರಿಯೆಂದೇ ಕಂಡಿತು. ಹೀಗಾಗಿ ಆ ಕಾಲು ಒಮ್ಮೆಯೂ ಚಪ್ಪಲಿಯಿಲ್ಲದೆ ನೆಲ ಮುಟ್ಟಿರಲಿಲ್ಲ.

ಮದುವೆಗೆ ಇನ್ನು ಕೆಲವೇ ದಿನ. ಮನಿಷಾ ತವರಿಗೆ ಬಂದಿದ್ದಳು, ಹಪ್ಪಳ ಶಾವಿಗೆಯ ಗದ್ದಲ ನಡೆದಿತ್ತು. "ವೈನಿ, ಒಮ್ಮಿ ಬರಿಗಾಲಲೆ ಗಡಿಗಿ ಹೊತ್ತು ತೋರ್ಸು, ಕಣ್ತುಂಬ ನೋಡ್ತೇನಿ," ಎಂದಳು. ಕಾಂತಾಬಾಯಿ ಹುರುಪಿನಿಂದ ಎದ್ದಳು. ಚಪ್ಪಲಿ ಬಿಟ್ಟಳು. ಹಳೆಯದೊಂದು ಗಡಿಗೆಯನ್ನು ತಲೆಗೇರಿಸಿ ಮನೆಯ ಬಾಗಿಲ ಕಡೆಗೆ ಮುಖ ಮಾಡಿದಳು. ಮೊದಲ ಹೆಜ್ಜೆಗೇ ಯಾರೋ ಎದೆಗೆ ಕೈಯಿಟ್ಟು ಹಿಂದಕ್ಕೆ ನೂಕಿದಂತಾಯಿತು. ಎರಡನೆಯ ಹೆಜ್ಜೆಗೆ ಅಂಗಾತ ಬಿದ್ದಳು. ಗಡಿಗೆ ಚೂರಾಯಿತು.

ಪೆಟ್ಟು ಹೆಚ್ಚಾಗಿರಲಿಲ್ಲ. ಎದ್ದು ಮತ್ತೆ ನಿಂತಳು, ಮತ್ತೆ ಹಿಂದಕ್ಕೆ ವಾಲಿದಳು. ಮನಿಷಾ ಹಿಡಿದುಕೊಂಡಳು. ತೆರೆದ ಬಾಗಿಲೊಳಗೆ ಜಗಲಿಯ ಮೇಲೆ ಮೈಲಾರ ಮಲ್ಲಣ್ಣ ಕಾಣುತ್ತಿದ್ದ, ಮುಂದೆ ಅವನ ಭಂಡಾರ, ಅರಿಷಿಣಪುಡಿ ತುಂಬಿದ ಬಟ್ಟಲು. ಕಾಂತಾಬಾಯಿ ಅವನನ್ನೇ ನೋಡಿದಳು. ಅವಳ ಮುಖದ ಕಳೆ ಇಳಿಯಿತು.

"ಅವನಿಗಿ ಮನಸ್ಸಿಲ್ಲ," ಎಂದಳು ಮೆಲ್ಲಗೆ. "ಊರೆಲ್ಲ ನಡಸ್ಯಾನ, ತನ್ನ ಬಾಗಿಲಿಗಿ ಮಾತ್ರ ಬ್ಯಾಡ ಅಂದಾನ. ಮಾಡಿದ ಕಾಲಿಲೆ ಬರಬ್ಯಾಡ ಅಂದಾನ. ಮನಿಷಾ, ಐರಾಣಿ ನೀನೇ ಹೊರವ್ವ."

ಯಾವಾಗಲೂ ಮಾತಿಗೆ ಮಾತು ಕೊಡುವ ಮನಿಷಾ ಚೂರುಗಳನ್ನು ಆರಿಸುತ್ತ ಕುಳಿತಳು. "ಚಪ್ಪಲಿ ಹಾಕ್ಕೊಂಡೇ ಹೊತ್ತರ ಏನಾಗ್ತದ?" ಎಂದು ವೈಜಿನಾಥ ಅಂದ. ಹೆಂಡತಿ ನೋಡಿದ ನೋಟಕ್ಕೆ ಅವನೇ ಹಟ್ಟಿಯ ಕಡೆ ಎದ್ದುಹೋದ.

ಸುಜಾತಾ ತಾಯಿಯ ಪಕ್ಕ ಬಂದು ಕುಳಿತಳು. "ಅವ್ವಾ, ನಿನ್ನೆ ಇದೇ ಅಂಗಳದಾಗ, ಇದೇ ಬಾಗಿಲಿಗಿ ಮುಖ ಮಾಡಿ ನೀ ನಡದಿಲ್ಲೇನು? ದೇವರು ನಿನ್ನೆನೂ ಅಲ್ಲೇ ಇದ್ದ. ನಿನ್ನೆ ಚಪ್ಪಲಿ ಇತ್ತು, ಇವತ್ತಿಲ್ಲ. ಇಷ್ಟೇ ಫರಕ. ಬೀದರಕ್ಕ ಹೋಗಿ ಬಾಯಾರಿಗಿ ಕೇಳೋಣು. ಅವರೂ ಆಗಂಗಿಲ್ಲ ಅಂದ್ರ ಅತ್ತಿ ಹೊರ್ಲಿ, ನಾ ತುಟಿ ಪಿಟಕ್ ಅನ್ನಂಗಿಲ್ಲ."

ಮರುದಿನ ಮೂವರೂ ಮೊದಲ ಬಸ್ಸಿಗೇ ಹೊರಟರು. ಗಡಿಬಿಡಿಯಲ್ಲಿ ವೈಜಿನಾಥ ಹಟ್ಟಿಯಿಂದ ಬಂದವನು ಬಂದ ಹಾಗೆಯೇ ಬಸ್ಸು ಹತ್ತಿದ್ದ.

ಹಮೀದುನ್ನಿಸಾ ಎಲ್ಲವನ್ನೂ ಕೇಳಿದಳು. ಚಪ್ಪಲಿ ಹಾಕಿಸಿ ನಡೆಸಿದಳು, ಚಪ್ಪಲಿ ಬಿಡಿಸಿ ನಿಲ್ಲಿಸಿದಳು. ಕೆಳಗೆ ಕುಳಿತು ರಬ್ಬರು ಪಾದದ ಹಿಮ್ಮಡ ನೋಡಿದಳು, ಆಮೇಲೆ ಕಾಂತಾಬಾಯಿಯ ಎಡಗಾಲಿನ ಹಿಮ್ಮಡ ನೋಡಿದಳು. ಅದು ಬೇಸಿಗೆಯ ಎರೆಹೊಲದ ಹಾಗೆ ಬಿರಿದಿತ್ತು. ಕೊನೆಗೆ ಅವಳ ಕಣ್ಣು ವೈಜಿನಾಥನ ಪಾದದ ಮೇಲೆ ನಿಂತಿತು. ಎರಡೂ ಬರಿಗಾಲು, ಬೆರಳಸಂದಿಯಲ್ಲಿ ಹಟ್ಟಿಯ ಗೊಬ್ಬರ.

"ಮಾಮಾ," ಎಂದಳು, "ನಿಮ್ಮ ಮನ್ಯಾಗ ಒಲಿ ಮುಂದ ಸುದ್ದಾ ಚಪ್ಪಲಿ ಅಂದಿದ್ರಲ್ರಿ?"

ವೈಜಿನಾಥ ಒಂದು ಕಾಲನ್ನು ಇನ್ನೊಂದರ ಹಿಂದೆ ಮುಚ್ಚಿದ. ಅದನ್ನು ಮುಚ್ಚಿದರೆ ಇದು ಕಾಣುತ್ತಿತ್ತು.

"ಅದು... ಮಾತಿಗಿ ಅಂದಿದ್ದೆನ್ರಿ ಬಾಯಾರ."

"ಅಯ್ಯ ನನ್ನ ಅಲ್ಲಾ! ನಿಮ್ಮ ಮಾತು ನಂಬಿ ನಾ ಆ ಎತ್ತರದ ಚಪ್ಪಲಿಗಿ ಸರಿಯಾಗಿ ಕಾಲು ಕೂಡ್ಸೇನಿ! ಚಪ್ಪಲಿ ತೆಗೆದ್ರ ಹಿಮ್ಮಡ ಕೆಳಗ ಇಳೀತದ, ಮೈ ಹಿಂದ ವಾಲ್ತದ. ಮೌಶಿನ ನೂಕಿದವ ನಿಮ್ಮ ದೇವರಲ್ಲ, ನೀವು!"

ಸುಜಾತಾ ಮೊದಲು ನಕ್ಕಳು. ಆಮೇಲೆ ಕಾಂತಾಬಾಯಿ. ನಕ್ಕು ನಕ್ಕು ಸೆರಗಿನಿಂದ ಕಣ್ಣು ಒರಸಿಕೊಂಡಳು; ಆ ನೀರಿನಲ್ಲಿ ನಗೆ ಎಷ್ಟು, ನಿನ್ನೆಯ ಅಳು ಎಷ್ಟು ಎಂದು ಹೇಳುವುದು ಕಷ್ಟ. "ತಪ್ಪು ನಂದೂ ಅದ," ಎಂದಳು ಹಮೀದುನ್ನಿಸಾ ಪಾನಾ ತೆಗೆದುಕೊಳ್ಳುತ್ತ. "ಮಾತು ಕೇಳೋಕಿಂತ ಮೊದಲು ಹಿಮ್ಮಡ ನೋಡಬೇಕಿತ್ತು."

ನಾಲ್ಕು ತಿರುಪು ಸಡಿಲಿಸಿ, ಕೊಳವೆಯನ್ನು ಸ್ವಲ್ಪ ಮುಂದಕ್ಕೆ ಬಾಗಿಸಿ ಮತ್ತೆ ಬಿಗಿದಳು. ನಡೆಸಿ ನೋಡಿದಳು, ಮತ್ತೊಂದಿಷ್ಟು ತಿದ್ದಿದಳು. ಕಾಂತಾಬಾಯಿ ಬರಿಗಾಲಲ್ಲಿ ಬಾಗಿಲವರೆಗೆ ಹೋಗಿ ಬಂದಳು. ಯಾರೂ ನೂಕಲಿಲ್ಲ.

"ಇನ್ನ ಮ್ಯಾಲ ಚಪ್ಪಲಿ ಹಾಕಿದ್ರ ಸಪಾಟದ್ದೇ ಹಾಕ್ರಿ. ಮನ್ಯಾಗ ಬರಿಗಾಲಲೆ ಅಡ್ಡಾಡ್ರಿ."

"ಮನ್ಯಾಗ ಈ ಕಾಲು ಹೊರಗೇ ಬಿಚ್ಚಿಡ್ತೇನ್ರಿ, ಚಪ್ಪಲಿ ಸಂಗಾಟ."

ಹಮೀದುನ್ನಿಸಾ ಪಾನಾ ಕೆಳಗಿಟ್ಟಳು. "ಮೌಶಿ, ಇದು ಚಪ್ಪಲಿ ಅಲ್ರಿ, ಕಾಲು. ಕಾಲು ಹೊರಗ ಬಿಟ್ಟು ಯಾರಾದ್ರೂ ಮನಿ ಒಳಗ ಹೋಗ್ತಾರೇನು?"

"ದೇವರ ಮುಂದ?"

"ನಿಮ್ಮ ದೇವರ ಮಾತು ನಾ ಹ್ಯಾಂಗ ಹೇಳ್ಲಿ? ನಮ್ಮ ಓಣಿಯಾಗ ಒಬ್ಬರು ಹಿರಿಯರು ಇದೇ ನಮೂನಿ ಕಾಲು ತೊಳ್ಕೊಂಡು ನಮಾಜಿಗಿ ಹೋಗ್ತಾರ. ಅವರಿಗಿ ಅಲ್ಲಾ ಏನೂ ಅಂದಿಲ್ಲ."

ಕಾಂತಾಬಾಯಿ ಬಗ್ಗಿ ರಬ್ಬರು ಪಾದದ ಧೂಳು ಒರಸಿದಳು. ಆಮೇಲೆ ಎರಡೂ ಕೈ ಎತ್ತಿ ಹಮೀದುನ್ನಿಸಾಳ ಕೆನ್ನೆಗಳಿಂದ ದೃಷ್ಟಿ ನೀವಿ, ಬೆರಳು ಮುರಿದುಕೊಂಡಳು. "ಐರಾಣಿ ದಿನ ಬರಬೇಕು ಮತ್ತ. ಬರಲಿಲ್ಲಂದ್ರ ಈ ಕಾಲು ವಾಪಸ್ ತಂದು ಕೊಡ್ತೇನಿ."

ಹಮೀದುನ್ನಿಸಾ ಬಂದಳು.

ಕುಂಬಾರ ಝರೆಪ್ಪನ ಅಂಗಳದಲ್ಲಿ ಗಡಿಗೆಗಳು ಸಾಲಾಗಿ ಕುಳಿತಿದ್ದವು. ತಿಗರಿಗೆ ಪೂಜೆಯಾಯಿತು. ಝರೆಪ್ಪ ಮೊದಲ ಗಡಿಗೆಯೊಳಗೆ ಜೋಳ ಸುರಿದು ಎತ್ತಿದ. ಒಂದು ಕ್ಷಣ ಅನುಮಾನಿಸಿದ. ಕಾಂತಾಬಾಯಿ ಸಿಂಬಿ ಸರಿಮಾಡಿಕೊಂಡು ತಲೆ ಒಡ್ಡಿದಳು. "ಇಡೋ ಝರೆಪ್ಪಾ. ಏನ್ ನೋಡ್ತಿ?" ಗಡಿಗೆ ತಲೆಗೇರಿತು. ಬೆನ್ನು ನೆಟ್ಟಗಾಯಿತು. ಹಿಂದೆ ಮನಿಷಾ, ಅವಳ ಹಿಂದೆ ಉಳಿದ ಮುತ್ತೈದೆಯರು. "ಏಳುಕೋಟಿ ಏಳುಕೋಟಿ!" ಎಂದು ವೈಜಿನಾಥ ಗಂಟಲು ಹರಿಯುವಂತೆ ಮಲ್ಲಣ್ಣನ ಜಯಕಾರ ಕೂಗಿದ.

ಮೆರವಣಿಗೆ ಹೊರಟಿತು. ಹಲಗೆಯವರು ಕಾಂತಾಬಾಯಿಯ ಕಾಲನ್ನು ನೋಡಿ, ಪಾಪ, ಬಹಳ ಮೆಲ್ಲಗೆ ಬಾರಿಸತೊಡಗಿದರು. ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಒಂದು ಎಲೆ ಅಡಿಕೆ ಮಡಿಚಬಹುದಿತ್ತು. ಹನುಮಂತದೇವರ ಕಟ್ಟೆಯವರೆಗೆ ಕಾಂತಾಬಾಯಿ ತಡೆದುಕೊಂಡಳು. ಅಲ್ಲಿ ನಿಂತು, ತಲೆ ಅಲುಗಿಸದೆ, ಕಣ್ಣನ್ನಷ್ಟೇ ಹೊರಳಿಸಿ ಅಂದಳು:

"ಏನ್ರೋ, ಮುದಿ ಎತ್ತು ನೀರಿಗಿ ಹೊಂಟಂಗ ಬಾರಸ್ಲಿಕತ್ತೀರಿ! ನನ್ನ ಮಗಳ ಮದ್ವಿ ಅದ. ಜೋರ್ ಬಾರಸ್ರಿ!"

ಹಲಗೆ ಗುಡುಗಿತು. ಹೆಂಗಸರ ಹಾಡು ಅದರ ಮೇಲೇರಿತು. ಕಾಂತಾಬಾಯಿಯ ಹೆಜ್ಜೆ ಹಲಗೆಯ ಪೆಟ್ಟಿಗೆ ಸರಿಯಾಗಿ ಬಿತ್ತು, ಎಡ, ಬಲ, ಎಡ, ಬಲ. ಹಮೀದುನ್ನಿಸಾ ಬದಿಯಲ್ಲಿ ನಡೆಯುತ್ತ ಆ ಬಲಗಾಲನ್ನೇ ನೋಡುತ್ತಿದ್ದಳು. ತಾನು ಮಾಡಿದ ಕಾಲು ಯಾವುದೆಂದು ಧೂಳಿನಲ್ಲಿ ಅವಳಿಗೂ ಒಮ್ಮೊಮ್ಮೆ ಗುರುತು ಸಿಗಲಿಲ್ಲ.

ಬಾಗಿಲಲ್ಲಿ ಅರಿಷಿಣ ಹಚ್ಚಿಕೊಂಡು ನಿಂತಿದ್ದ ಸುಜಾತಾ ತಂಬಿಗೆ ಹಿಡಿದಿದ್ದಳು. ಗಡಿಗೆಯ ಕೆಳಗೆ ತಾಯಿಯ ಮುಖ ಕಂಡದ್ದೇ ಹೊಸ್ತಿಲು ಇಳಿದು ಎದುರು ಬಂದಳು. ರೂಢಿಯಂತೆ ಬಗ್ಗಿ ತಾಯಿಯ ಕಾಲಿಗೆ ನೀರು ಹಾಕಿದಳು, ಎಡಗಾಲಿಗೂ ಬಲಗಾಲಿಗೂ. ಮನಿಷಾ ತನ್ನ ಗಡಿಗೆಯನ್ನು ಇನ್ನೊಬ್ಬಳ ತಲೆಗೆ ದಾಟಿಸಿ, ಭಂಡಾರದ ಬಟ್ಟಲು ತೆಗೆದುಕೊಂಡು ಕುಳಿತಳು. ಎಡಪಾದಕ್ಕೆ ಹಚ್ಚಿದಳು. ಬಲಪಾದದ ಮುಂದೆ ಕೈ ತಡೆಯಿತು.

"ವೈನಿ, ಇದಕ್ಕೂ ಹಚ್ಚಲೇನು?"

"ಯಾಕ, ಅದು ಮೋಟಾರದಾಗ ಕುಂತು ಬಂತೇನು? ಹಚ್ಚು."

ಮನಿಷಾ ಬೊಗಸೆ ತುಂಬ ಹಚ್ಚಿದಳು. ರಬ್ಬರಿನ ಐದೂ ಬೆರಳು ಹಳದಿಯಾದವು. ಕಾಂತಾಬಾಯಿ ಗಡಿಗೆಯನ್ನು ಎರಡೂ ಕೈಯಲ್ಲಿ ಹಿಡಿದು, ಬಲಗಾಲನ್ನೇ ಮುಂದಿಟ್ಟು ಹೊಸ್ತಿಲು ದಾಟಿ, ಮಲ್ಲಣ್ಣನಿದ್ದಲ್ಲಿಗೆ ನಡೆದುಹೋದಳು.